ಏಳು ಸ್ಕ್ರೂ, ಆರು ಬೋರ್ಡು

ಟೆಲಿಫೋನ್ ಇಲಾಖೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಕಾನಹೊಸಹಳ್ಳಿಗೆ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. "ಕೊಟ್ರಪ್ಪನವ್ರ, ನಿಮ್ಮ ಅನುಭವ ಹೇಳ್ರಿ" ಅಂತಾರೆ. ಅವರಿಗೆ ಬೇಕಾದದ್ದು ಯಾವ ಪರೀಕ್ಷೆ ಬರೆದರೆ ಯಾವ ಬಡ್ತಿ ಎನ್ನುವುದು. ಅದು ನನಗೆ ಗೊತ್ತಿಲ್ಲಪ್ಪಾ. ಟೆಕ್ನಿಶಿಯನ್ ಆಗಿ ಸೇರಿದೆ, ಟೆಕ್ನಿಶಿಯನ್ ಆಗಿಯೇ ಮನೆಗೆ ಬಂದೆ. ನಡುವೆ ಎರಡು ಸಲ ಹುದ್ದೆಯ ಹೆಸರು ಬದಲಾಯಿಸಿದರು, ಕೈಯಲ್ಲಿದ್ದ ಸ್ಪಾನರ್ ಮಾತ್ರ ಅದೇ ಇತ್ತು. ನನಗೆ ಚೆನ್ನಾಗಿ ಗೊತ್ತಿರುವುದು ನಾನು ಕೆಡಿಸಿದ ಸಾಮಾನುಗಳ ವಿಷಯ. ಅದನ್ನೇ ಬರೆಯುತ್ತೇನೆ. ಅದರಲ್ಲಿ ಒಂದನ್ನು ಇವತ್ತಿನವರೆಗೂ ಯಾವ ಸಾಹೇಬರ ಮುಂದೆಯೂ ಹೇಳಿಲ್ಲ.

ಎಂಬತ್ತರ ಆಸುಪಾಸು. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಬೋಳುಗುಡ್ಡ, ಅದರ ಮೇಲೆ ನಮ್ಮ ಮೈಕ್ರೋವೇವ್ ಸ್ಟೇಷನ್. ಎತ್ತರದ ಟವರು, ಅದರಲ್ಲಿ ಅಗಲವಾದ ತಟ್ಟೆಗಳು, ಕೆಳಗೆ ಎರಡು ಕೋಣೆ. ಕೊಟ್ಟೂರಿನವರು ಹೊರಗಿನ ಊರಿಗೆ ಫೋನ್ ಮಾಡಿದರೆ ಆ ಮಾತು ಅಲೆಯಾಗಿ ಹಾರಿ ನಮ್ಮ ತಟ್ಟೆಗೆ ಬಿದ್ದು, ನಮ್ಮ ಯಂತ್ರದಲ್ಲಿ ಬಲ ಪಡೆದು, ಮುಂದಿನ ಗುಡ್ಡಕ್ಕೆ ಹಾರುತ್ತಿತ್ತು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯದೂ ಹಾಗೇ. "ಏನ್ ಕೆಲ್ಸ ನಿಂದು?" ಅಂತ ನಮ್ಮ ಮಾವ ಕೇಳಿದಾಗ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಂದ್ರ ಗುಡ್ಡ ಕಾಯೋದು" ಅಂದರು.

ಮೊದಲ ವಾರವೇ ನನ್ನ ಹೆಸರು ಇಲಾಖೆಯಲ್ಲಿ ಹರಡಿತು. ತಟ್ಟೆಯಿಂದ ಕೋಣೆಗೆ ಬರುವ ಕೊಳವೆಯೊಳಗೆ ತೇವ ಸೇರಬಾರದು ಅಂತ ಒಣಗಾಳಿ ಊದುವ ಯಂತ್ರ ಇತ್ತು. ಅದರಲ್ಲಿ ಸಾಬೂದಾಣಿಯಂಥ ಕಾಳು, ಸಿಲಿಕಾ ಜೆಲ್. ಒಣಗಿದ್ದರೆ ನೀಲಿ, ತೇವ ಕುಡಿದರೆ ಗುಲಾಬಿ. ನಮ್ಮ ಮೇಲಿನವರು ದೇಸಾಯಿ ಸಾಹೇಬರು ನೋಡಿ, "ಏ ಹುಚ್ಚಪ್ಪ, ಗುಲಾಬಿ ಆಗ್ಯಾವ, ಹುರದು ಹಾಕು" ಅಂದರು. ಹುರಿ ಅಂದರೆ ಹುರಿಯಬೇಕು, ಸ್ಟೇಷನ್ನಿನಲ್ಲಿ ಇದ್ದದ್ದು ಒಂದೇ ಬಾಣಲಿ. ಹುರಿದೆ, ಚೆನ್ನಾಗಿ ನೀಲಿ ಆದವು, ಹಾಕಿದೆ. ಮರುದಿನ ಬೆಳಿಗ್ಗೆ ಅದೇ ಬಾಣಲಿಯಲ್ಲಿ ಉಪ್ಪಿಟ್ಟು ಮಾಡಿ ಸಾಹೇಬರ ಮುಂದೆ ಇಟ್ಟೆ. ಅವರು ಚಮಚ ಎತ್ತಿದವರು ಹಾಗೇ ನಿಂತರು.

"ಕೊಟ್ರಪ್ಪ, ಉಪ್ಪಿಟ್ಟಿನ್ಯಾಗ ನೀಲಿ ಸಾಸಿವಿ ಯಾಕ ಅದಾವ?"

ಉಪ್ಪಿಟ್ಟು ಗುಂಡಿಗೆ ಹೋಯಿತು. ಬಾಣಲಿಯ ಮೇಲೆ ಬಿಳಿ ಬಣ್ಣದಲ್ಲಿ ಇಲಾಖೆಯ ನಂಬರ್ ಬರೆಸಿ, ಅದನ್ನು ಯಂತ್ರಗಳ ಪಟ್ಟಿಗೆ ಸೇರಿಸಿದರು. ಆಮೇಲೆ ಅದರಲ್ಲಿ ಅಡುಗೆ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಖಾಜಾಸಾಬ್ ಅಂತ ನನ್ನ ಜೊತೆಗಾರ, ಹಗರಿಬೊಮ್ಮನಹಳ್ಳಿಯವನು. ಡ್ಯೂಟಿ ಒಬ್ಬರದು ಮುಗಿದ ಮೇಲೆ ಒಬ್ಬರದು ಅಂತ ಕಾಗದದಲ್ಲಿ ಇತ್ತು. ನಾವು ಇಬ್ಬರೂ ಯಾವಾಗಲೂ ಅಲ್ಲೇ ಇರುತ್ತಿದ್ದೆವು. ಅವನು ಮಾತಿನವನು, ನಾನು ಕೈಯವನು. ಕೈ ಸುಮ್ಮನಿರದು ನನ್ನದು. ಹರಿದದ್ದು ಕಂಡರೆ ಹೊಲಿಯಬೇಕು, ಓರೆಯಾದದ್ದು ಕಂಡರೆ ನೆಟ್ಟಗೆ ಮಾಡಬೇಕು. ಅದು ಒಳ್ಳೆಯ ಗುಣ ಅಂತ ತುಂಬಾ ವರ್ಷ ನಂಬಿಕೊಂಡಿದ್ದೆ.

ಮಾತಿಗೆ ಬಲ ಕೊಡುವ ಯಂತ್ರದ ಬಾಯಲ್ಲಿ ಫಿಲ್ಟರ್ ಅಂತ ಒಂದು ಉದ್ದನೆಯ ಡಬ್ಬಿ ಇತ್ತು. ಗಾಳಿಯಲ್ಲಿ ಬರುವ ಹತ್ತಾರು ಅಲೆಗಳಲ್ಲಿ ನಮಗೆ ಬೇಕಾದ ಒಂದನ್ನು ಮಾತ್ರ ಒಳಗೆ ಬಿಟ್ಟು ಉಳಿದವನ್ನು ಹೊರಗೇ ನಿಲ್ಲಿಸುವುದು ಅದರ ಕೆಲಸ. ಸಂತೆಯ ಗದ್ದಲದಲ್ಲೂ ತಾಯಿಗೆ ತನ್ನ ಕೂಸಿನ ಅಳು ಬೇರೆಯಾಗಿ ಕೇಳಿಸುತ್ತದಲ್ಲ, ಹಾಗೆ. ಡಬ್ಬಿಯ ಮೇಲೆ ಸಾಲಾಗಿ ಏಳು ಸ್ಕ್ರೂ. ಯಾವ ಅಲೆಗೆ ಕಿವಿಗೊಡಬೇಕು ಅನ್ನುವುದು ಆ ಸ್ಕ್ರೂಗಳು ಎಷ್ಟು ಒಳಗೆ ಇಳಿದಿವೆ ಅನ್ನುವುದರ ಮೇಲೆ. ಕೂದಲೆಳೆಯಷ್ಟು ಆಚೀಚೆ ಆದರೂ ಡಬ್ಬಿಗೆ ನಮ್ಮ ಅಲೆಯ ಗುರುತು ಹತ್ತುವುದಿಲ್ಲ. ಅದಕ್ಕೇ ಅವುಗಳ ಮೇಲೆ ಕೆಂಪು ಬಣ್ಣ ಬಳಿದಿದ್ದರು, ಮುಟ್ಟಬೇಡ ಅಂತ.

ಒಂದು ದಿನ ಮೇಲಿನ ಆಫೀಸಿನಿಂದ ತಪಾಸಣೆಗೆ ಬರುತ್ತಾರೆ ಅಂತ ಸುದ್ದಿ ಬಂತು. ನಾನು ಬಟ್ಟೆ, ಪಾಲಿಶ್ ತಗೊಂಡು ಒಂದು ಕಡೆಯಿಂದ ಉಜ್ಜುತ್ತಾ ಬಂದೆ. ಆ ಏಳು ಸ್ಕ್ರೂ ನೋಡಿದರೆ ಒಂದು ಮೇಲೆ, ಒಂದು ಕೆಳಗೆ, ಕೂಸಿನ ಹಲ್ಲು ಬಂದ ಹಾಗೆ. ಬಂದವರು ಏನಂದುಕೊಂಡಾರು! ಖಾಜಾ ಚಹಾಕ್ಕೆ ಕೆಳಗೆ ಇಳಿದಿದ್ದ. ನಾನು ಸ್ಕೇಲ್ ಇಟ್ಟು, ನಟ್ ಸಡಿಲಿಸಿ, ಏಳನ್ನೂ ಒಂದೇ ಎತ್ತರಕ್ಕೆ ತಂದು ಬಿಗಿ ಮಾಡಿದೆ. ಮೇಲೆ ಹೊಸ ಕೆಂಪು ಬಣ್ಣವನ್ನೂ ಬಳಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟೆ.

ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೂರೂ ಊರು ಮೂಕವಾದವು.

ದೇಸಾಯಿ ಸಾಹೇಬರು ಜೀಪಿನಲ್ಲಿ ಓಡಿ ಬಂದರು. ಯಂತ್ರ ನೋಡಿದರು, ಕೊನೆಗೆ ಡಬ್ಬಿ ನೋಡಿದರು. "ಯಾವ ಪುಣ್ಯಾತ್ಮ ಇವನ್ನ ಸಾಲು ಹಿಡಿದು ನಿಲ್ಲಿಸ್ಯಾನ? ಇದೇನು ಸಾಲಿ ಪ್ರಾರ್ಥನಾ ಏನು? ಡ್ಯೂಟಿ ಯಾರದು?"

ಡ್ಯೂಟಿ ಖಾಜಾನದು. ಅವನು ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಹಸಿ ಇತ್ತು. ಕೈ ಹಿಂದೆ ಕಟ್ಟಿಕೊಂಡು ನಾನು ನೆಲ ನೋಡಿದೆ.

"ನನ್ನ ಡ್ಯೂಟಿರೀ ಸಾಹೇಬ್ರ. ನನ್ನ ಕೈಯಾಗಾ ಆಗೈತಿ ಅಂತ ಬರಕೊಳ್ರಿ" ಅಂದ ಖಾಜಾ.

ಶಿಕ್ಷೆ ಅಂತ ಆರು ತಿಂಗಳು ಅವನನ್ನು ಹಡಗಲಿಯ ಆಫೀಸಿಗೆ ಹಾಕಿದರು. ಹೊರಡುವ ದಿನ ಟ್ರಂಕು ಹೊತ್ತು ಗುಡ್ಡ ಇಳಿಯುತ್ತಾ ಅಂದ: "ಕೊಟ್ಯಾ, ನಿನ್ನ ಹೆಂಡ್ತಿ ಚಿಗಟೇರಿಯಾಗ ಹೆರಿಗಿಗೆ ಕುಂತಾಳ. ನೀನು ಈಗ ಎಲ್ಲಿಗೂ ಹೋಗಾಕ ಆಗಂಗಿಲ್ಲ, ನಾನಾ ಹೋಕ್ಕೀನಿ. ಆದ್ರ ಒಂದಿನ ಸಾಹೇಬ್ರಿಗೆ ಹೇಳಲೇ. ಮರೀಬ್ಯಾಡ."

ಮಗಳು ಹುಟ್ಟಿದ ಮೇಲೆ ಹೇಳೋಣ ಅಂದುಕೊಂಡೆ, ನಾಮಕರಣ ಆಗಲಿ ಅಂದುಕೊಂಡೆ. ಅಷ್ಟರಲ್ಲಿ ಸಾಹೇಬರು ವರ್ಗವಾಗಿ ಹೋದರು. ಇನ್ನೊಂದು ಮಾತು. ಆ ಡಬ್ಬಿಯನ್ನು ಮತ್ತೆ ದಾರಿಗೆ ತರಲು ಸಾಹೇಬರಿಗೆ ಮೂರು ದಿನ ಬೇಕಾಯಿತು, ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತವನು ನಾನೇ. ಮೀಟರಿನ ಮುಳ್ಳು ನೋಡುತ್ತಾ ಸ್ಕ್ರೂವನ್ನು ಉಸಿರು ಬಿಟ್ಟಷ್ಟು ಮಾತ್ರ ತಿರುಗಿಸುವುದನ್ನು ನಾನು ಕಲಿತದ್ದು ಆ ಮೂರು ದಿನದಲ್ಲಿ. ಕೆಡಿಸಿದವನು ವಿದ್ಯೆ ಕಲಿತ, ಕೆಡಿಸದವನು ಹಡಗಲಿ ಕಂಡ. ಖಾಜಾ ತಿರುಗಿ ಬಂದ ಮೇಲೆ ಈ ಮಾತು ಎತ್ತಲೇ ಇಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ವರ್ಷಗಳು ಹೋದವು. ರಸ್ತೆಯ ಪಕ್ಕದಲ್ಲಿ ಕಾಲುವೆ ತೋಡಿ ಗಾಜಿನ ಎಳೆಯ ಕೇಬಲ್ ಹೂತರು. ಮಾತೆಲ್ಲ ನೆಲದೊಳಗೆ ಹೋಯಿತು, ಗುಡ್ಡದ ಮೇಲೆ ನಾವಿಬ್ಬರು ಉಳಿದೆವು. ಯಂತ್ರಗಳಿಗೆ ಕೆಲಸವಿಲ್ಲ, ಆದರೂ ದಿನಾ ಧೂಳು ಒರೆಸಿ ರಿಜಿಸ್ಟರಿನಲ್ಲಿ 'ಸರಿ ಇದೆ' ಅಂತ ಬರೆಯಬೇಕು. ಕೊನೆಗೆ ಮಾವನ ಮಾತೇ ನಿಜವಾಯಿತು.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷ ಆಗಿತ್ತು. ಒಂದು ದಿನ ಮೇಲಿನ ಆಫೀಸಿನ ಪತ್ರ ಹಿಡಿದು ಒಬ್ಬ ಹೆಣ್ಣುಮಗಳು ಗುಡ್ಡ ಹತ್ತಿ ಬಂದಳು. ಸುಜಾತಾ ಅಂತ, ಹರಪನಹಳ್ಳಿಯವಳು, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾ ಪಿಎಚ್.ಡಿ. ಮಾಡುತ್ತಿದ್ದಳು. ಅವಳಿಗೆ ಬೇಕಾದ ಅಲೆ ಹೊಮ್ಮಿಸಿ ತೆರೆಯ ಮೇಲೆ ಗೆರೆ ತೋರಿಸುವ ಯಂತ್ರ ಅವರ ಕಾಲೇಜಿನಲ್ಲಿ ಇರಲಿಲ್ಲ, ನಮ್ಮಲ್ಲಿ ಧೂಳು ತಿನ್ನುತ್ತಿತ್ತು.

ಚೀಲದಿಂದ ಆರು ಬೋರ್ಡು ತೆಗೆದಳು. ಒಂದೊಂದೂ ಬೆಂಕಿಪೊಟ್ಟಣದಷ್ಟು. ಹಸಿರು ಹಲಗೆಯ ಮೇಲೆ ತಾಮ್ರದ ಒಂದು ಪಟ್ಟಿ, ಅದರ ಮಗ್ಗುಲಿಗೆ ನಾಲ್ಕು ಜೋಡಿ ಪುಟ್ಟ ಉಂಗುರ, ಉಂಗುರದೊಳಗೆ ಉಂಗುರ.

"ನಿಮ್ಮ ಏಳು ಸ್ಕ್ರೂ ಡಬ್ಬಿ ಮಾಡೋ ಕೆಲ್ಸಾನ ಈ ಉಂಗುರ ಇಷ್ಟು ಜಾಗದಾಗೆ ಮಾಡ್ತಾವ್ರಿ" ಅಂದಳು. "ಇದಕ್ಕೆ ಮೆಟಾಮೆಟೀರಿಯಲ್ ಅಂತಾರೆ. ತಾಮ್ರಾನೂ ಹಳೇದು, ಹಲಗೀನೂ ಹಳೇದು. ಆದ್ರೆ ಹಿಂಗೆ ಜೋಡಿಸಿದ್ರೆ ಅಲೆಗೆ ಅದು ಎಲ್ಲೂ ಇಲ್ಲದ ಹೊಸ ವಸ್ತು ಕಂಡಂಗೆ ಕಾಣ್ತೈತಿ. ಮುಖ್ಯ ಏನಪ್ಪಾ ಅಂದ್ರೆ, ಈ ಉಂಗುರದಾಗೆ..."

ಅಷ್ಟೊತ್ತಿಗೆ ಒಳಗೆ ಚಹಾ ಉಕ್ಕಿತು. ನಾನು ಓಡಿದೆ. ತಿರುಗಿ ಬರುವಷ್ಟರಲ್ಲಿ ಮುಖ್ಯವಾದದ್ದು ಮುಗಿದಿತ್ತು. ಖಾಜಾ ಎಲ್ಲ ತಿಳಿದವನ ಹಾಗೆ ತಲೆ ಆಡಿಸುತ್ತಾ ಕೂತಿದ್ದ, ಮತ್ತೊಮ್ಮೆ ಕೇಳಲು ನನಗೆ ನಾಚಿಕೆ.

ಅವಳು ಅಳೆಯಲು ಹೊರಟಿದ್ದು ಶೇಂಗಾದ ಹಸಿ, ಅಂದರೆ ತೇವ. ಕೊಟ್ಟೂರು ಮಾರ್ಕೆಟ್ಟಿನಲ್ಲಿ ವ್ಯಾಪಾರಸ್ಥರು ಶೇಂಗಾವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಹಲ್ಲಿನಲ್ಲಿ ಕಡಿದು, "ಹಸಿ ಐತಿ" ಅಂತ ತೀರ್ಪು ಕೊಡುತ್ತಾರಲ್ಲ, ಆ ಕೆಲಸ ಈ ಬೋರ್ಡು ಮಾಡಬೇಕು. ಅಲೆ ಬಿಟ್ಟಾಗ ತೆರೆಯ ಮೇಲಿನ ಗೆರೆ ನೆಟ್ಟಗೆ ಹೋಗುತ್ತಾ ಒಂದು ಕಡೆ ತಗ್ಗಿಗೆ ಬೀಳುತ್ತಿತ್ತು. ಉಂಗುರಗಳ ಮೇಲೆ ಕಾಳು ಇಟ್ಟರೆ ಆ ತಗ್ಗು ಎಡಕ್ಕೆ ಸರಿಯುತ್ತಿತ್ತು. ಕಾಳು ಎಷ್ಟು ಹಸಿಯೋ ಅಷ್ಟು ಎಡಕ್ಕೆ. ನಾನು ನಂಬರ್ ಬಿದ್ದ ನಮ್ಮ ಬಾಣಲಿ ಹೊರತೆಗೆದು ಶೇಂಗಾ ಹುರಿದುಕೊಟ್ಟೆ. ನೆನೆಸಿದ್ದು, ಬಿಸಿಲಿಗೆ ಹಾಕಿದ್ದು, ಹುರಿದದ್ದು ಅಂತ ಅವಳು ಡಬ್ಬಿಗಳಿಗೆ ಚೀಟಿ ಅಂಟಿಸಿದಳು. ಎರಡನೇ ದಿನ ಹುರಿದ ಕಾಳಿನ ಡಬ್ಬಿ ಖಾಲಿ. ಖಾಜಾ ಮೀಸೆ ಒರೆಸಿಕೊಳ್ಳುತ್ತಾ, "ಅರೇ ಮೇಡಂ, ಅದು ಬರೋಬ್ಬರಿ ಒಣಗಿತ್ತು ಬಿಡ್ರಿ, ಬರಕೊಳ್ರಿ" ಅಂದ. ಬಾಣಲಿಯ ಇತಿಹಾಸ ನೆನಪಾಗಿ ಮೀಸೆಯ ಮೇಲಿದ್ದ ಅವನ ಕೈ ಹಾಗೇ ನಿಂತಿತು. ಸಂಜೆಯವರೆಗೆ ನಾಲಿಗೆ ನೀಲಿಯಾಗಿದೆಯೇ ಅಂತ ನನಗೆ ತೋರಿಸುತ್ತಲೇ ಇದ್ದ.

ನಗುವುದು ಒಂದು ಕಡೆ, ಅವಳ ಚಿಂತೆ ಒಂದು ಕಡೆ. ಎರಡು ವರ್ಷ ದುಡಿದ ವಿಷಯ ಅದು. ಅವಳ ಗೈಡು, ಪ್ರೊಫೆಸರ್, ತಾವೇ ಬಂದು ನೋಡುತ್ತೇನೆ ಅಂದಿದ್ದರು. ಒಪ್ಪಿಗೆಯಾದರೆ ಬರೆಯಲು ಕೂರಬಹುದು. ಆಗದಿದ್ದರೆ, ಮತ್ತೆ ಬೋರ್ಡು ಮಾಡಿಸಲು ಹೊತ್ತೂ ಇಲ್ಲ, ದುಡ್ಡೂ ಇಲ್ಲ, ಈ ವಿಷಯ ಬಿಟ್ಟು ಬೇರೆಯದು ಹಿಡಿಯಬೇಕು.

ಅವರು ನಾಳೆ ಬರುತ್ತಾರೆ ಅಂದಾಗ ಸುಜಾತಾ ತಾಜಾ ಶೇಂಗಾ ತರಲು ಕೊಟ್ಟೂರಿಗೆ ಹೋದಳು. ಮಾರ್ಕೆಟ್ಟು ತೋರಿಸಲು ಖಾಜಾ ಜೊತೆಗೆ ಹೋದ. ಗುಡ್ಡದ ಮೇಲೆ ನಾನೊಬ್ಬ, ಆರು ಬೋರ್ಡು. ದೊಡ್ಡವರು ಬರುತ್ತಾರೆ, ಒರೆಸಿ ಇಡೋಣ ಅಂತ ಭೂತಗನ್ನಡಿ ಹಿಡಿದು ನೋಡಿದರೆ ಏನು ಕಂಡಿತು ಅಂತೀರಿ? ಒಂದು ಉಂಗುರವೂ ಪೂರ್ತಿ ಇಲ್ಲ! ಪ್ರತಿಯೊಂದೂ ಒಂದು ಕಡೆ ಕಡಿದಿದೆ, ಕೂದಲು ತೂರುವಷ್ಟು ಸಂದಿ. ಎಲಾ ಇವನ! ಬೋರ್ಡು ಮಾಡಿಕೊಟ್ಟವನು ಪಾಪದ ಹುಡುಗಿಗೆ ಮೋಸ ಮಾಡಿದ್ದಾನೆ, ಇವಳ ಕಣ್ಣಿಗೆ ಬಿದ್ದಿಲ್ಲ. ಎಲ್ಲವೂ ಒಂದೇ ಥರ ಕಡಿದಿದ್ದವು, ಹೊರಗಿನ ಉಂಗುರ ಮೇಲ್ಗಡೆ, ಒಳಗಿನದು ಕೆಳಗಡೆ. ತಲೆ ಇದ್ದವನು ಅಲ್ಲೇ ನಿಂತು ಯೋಚನೆ ಮಾಡುತ್ತಿದ್ದ. ನಾನು, ಅಚ್ಚೇ ಕೆಟ್ಟಿರಬೇಕು, ಅಂದುಕೊಂಡು ಸೋಲ್ಡರಿಂಗ್ ಕಡ್ಡಿ ಕಾಯಿಸಿದೆ.

ನಲವತ್ತೆಂಟು ಸಂದಿ. ನಲವತ್ತೆಂಟನ್ನೂ ಬೆಸೆದೆ. ಸೀಸದ ಒಂದು ಗಂಟು ಬೀಳದ ಹಾಗೆ, ಉಗುರಿನಲ್ಲಿ ಸವರಿದರೆ ತಿಳಿಯದ ಹಾಗೆ. ಅಷ್ಟು ಚಂದದ ಬೆಸುಗೆ ನಾನು ಸರ್ವೀಸಿನಲ್ಲೇ ಮಾಡಿರಲಿಲ್ಲ.

ಅವರು ಬಂದ ಕೂಡಲೇ ಹೇಳಿದೆ: "ಮೇಡಂ, ನಿಮ್ಮ ಬೋರ್ಡ್ ಎಲ್ಲಾ ಕಟ್ ಆಗಿದ್ವು. ನಾನು ರಿಪೇರಿ ಮಾಡೀನಿ. ಒಂದೂ ಬಿಟ್ಟಿಲ್ಲ."

ಅವಳು ಬೋರ್ಡನ್ನು ಯಂತ್ರಕ್ಕೆ ಜೋಡಿಸಿದಳು. ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ, ನಮ್ಮ ಹೆದ್ದಾರಿಯ ಹಾಗೆ. ಎಲ್ಲೂ ತಗ್ಗಿಲ್ಲ. ಎರಡನೆಯದು ಹಾಕಿದಳು. ಮೂರನೆಯದು. ಆಮೇಲೆ ಶೇಂಗಾ ಚೀಲದ ಮೇಲೆ ಕುಸಿದು ಕೂತಳು.

"ಕೊಟ್ರಪ್ಪನವ್ರೇ, ಆ ಸಂದಿ ನಾವು ಬೇಕಂತಲೇ ಬಿಟ್ಟಿದ್ದು. ಕರೆಂಟು ಉಂಗುರ ಸುತ್ತಿ ಬಂದು ಆ ಸಂದಿ ದಾಟಕ್ಕಾಗದೆ ಅಲ್ಲಿ ತುಂಬಿಕೊಂತೈತಿ. ಅದರಿಂದಲೇ ಉಂಗುರ ಮಿಡಿಯೋದು. ಅದರ ಜೀವಾನೇ ಅಲ್ಲಿತ್ತು. ಮೊದಲ್ನೇ ದಿನಾನೇ ಹೇಳಿದ್ನಲ್ರೀ!"

"ಅವತ್ತು ಚಹಾ ಉಕ್ಕಿತ್ತಮ್ಮ" ಅಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಅಳುತ್ತಾಳೆ ಅಂದುಕೊಂಡೆ. ಅತ್ತಳು ಕೂಡ, ಆದರೆ ನಡುವೆ "ಚಹಾ ಉಕ್ಕಿತ್ತಂತೆ" ಅಂತ ನಗು ಬಂದು, ಅಳು ನಗು ಎರಡೂ ಸೇರಿ ಬಿಕ್ಕಳಿಕೆ ಹತ್ತಿತು. ಖಾಜಾ ನೀರು ತಂದುಕೊಟ್ಟ.

ಆಮೇಲೆ ಕೂತೆವು. ತಾಮ್ರದ ಜಾಳಿಗೆಯಲ್ಲಿ ಸೀಸ ಹೀರಿಸಿ, ಬ್ಲೇಡಿನ ಮೂಲೆಯಲ್ಲಿ ಸಂದಿ ಕೆರೆದು, ತೆರೆಯಲ್ಲಿ ತಗ್ಗು ಎಲ್ಲಿ ಬಿತ್ತು ನೋಡಿ ಮತ್ತೆ ಕೆರೆದೆ. ಸಂದಿ ಒಂದಿಷ್ಟು ಹೆಚ್ಚು ಕಡಿಮೆಯಾದರೂ ತಗ್ಗು ಬೇರೆ ಕಡೆ ಓಡುತ್ತಿತ್ತು. ದೇಸಾಯಿ ಸಾಹೇಬರ ಮೂರು ದಿನದ ಪಾಠ ಅವತ್ತು ಕೆಲಸಕ್ಕೆ ಬಂತು. ಹೊತ್ತು ಇಳಿಯುವಷ್ಟರಲ್ಲಿ ಐದು ಬೋರ್ಡು ಹಳೆಯ ಜಾಗಕ್ಕೆ ಬಂದವು. ಆರನೆಯದನ್ನು ಎತ್ತಿಕೊಂಡಾಗ ಬೆಳಕು ಸಾಲದೆ ಸಂದಿಯ ಜಾಗವೇ ಕಾಣಲಿಲ್ಲ. "ಬಿಡ್ರಿ, ಐದು ಸಾಕು" ಅಂದಳು. ಯಾರ ಕಣ್ಣಿಗೂ ಬೀಳದಿರಲಿ ಅಂತ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

"ಅಮ್ಮಾ, ಒಂದು ಮಾತು" ಅಂದೆ. "ನಾಳಿ ಸಾಹೇಬ್ರ ಮುಂದ ಇದನ್ನ ಹೇಳಬ್ಯಾಡ. ರಿಟೈರ್ ಆಗೋ ಹೊತ್ತಿನ್ಯಾಗ ನನ್ನ ಮರ್ಯಾದಿ ಹೋಗತೈತಿ."

"ಹೇಳಲ್ಲ ಬಿಡ್ರಿ" ಅಂದಳು. ಖಾಜಾ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ಒಂದು ಸಲ ನೋಡಿ, ಮತ್ತೆ ಸುಲಿಯತೊಡಗಿದ.

ಮರುದಿನ ಪ್ರೊಫೆಸರ್ ಬಂದರು. ಸಣ್ಣ ಆಳು, ಮೆತ್ತಗಿನ ಮಾತು. ಹುರಿದ ಕಾಳು ಇಟ್ಟಳು, ತಗ್ಗು ಇಷ್ಟು ಸರಿಯಿತು. ಬಿಸಿಲಿನದು ಇಟ್ಟಳು, ಇನ್ನಷ್ಟು. ನೆನೆಸಿದ್ದು ಇಟ್ಟಾಗ ಎಡಕ್ಕೆ ದೌಡಾಯಿಸಿತು. ಅವರು ತಲೆದೂಗಿದರು. ನಾವು ಮುಗಿಯಿತು ಅಂತ ಉಸಿರು ಬಿಟ್ಟೆವು. ಆಗ ಕೇಳಿದರು:

"ಚೆನ್ನಾಗಿದೆಯಮ್ಮ. ಆದರೆ ಈ ತಗ್ಗು ಆ ಸಂದಿಯಿಂದ, ಆ ಸೀಳಿನಿಂದಲೇ ಬರ್ತಿದೆ ಅಂತ ಹೇಗೆ ಹೇಳ್ತೀಯಾ? ಬರೀ ಉಂಗುರದಿಂದ ಬರಬಹುದು, ಪಟ್ಟಿಯಿಂದ ಬರಬಹುದು. ಸೀಳು ಮುಚ್ಚಿದ ಉಂಗುರದ ಬೋರ್ಡು ಮಾಡಿಸಿ ನೋಡಿದ್ಯಾ? ಉಳಿದದ್ದೆಲ್ಲ ಇದರ ಹಾಗೇ ಇರಬೇಕು."

ಸುಜಾತಾ ನನ್ನ ಮುಖ ನೋಡಿದಳು. ನನ್ನ ಜೇಬು ನೋಡಿದಳು. ಆಮೇಲೆ ನೆಲ ನೋಡಿದಳು.

"ಇಲ್ಲ ಸರ್."

"ಛೆ. ಹಾಗಾದ್ರೆ ಇದನ್ನ ನಾನು ಒಪ್ಪೋಕೆ ಆಗೋದಿಲ್ಲ" ಅಂತ ಫೈಲು ಮುಚ್ಚಿದರು.

ನನ್ನ ಮಾನ ಉಳಿಸಲು ಆ ಹುಡುಗಿ ತನ್ನ ಎರಡು ವರ್ಷ ಬಿಟ್ಟುಕೊಡುತ್ತಿದ್ದಳು. ಖಾಜಾ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಜೇಬಿಗೆ ಕೈ ಹಾಕಿದೆ.

"ಐತಿ ಸಾಹೇಬ್ರ. ಇದು ಆರನೇದು. ಮಾಡಿಸಿದ್ದಲ್ಲ, ನಾನು ಕೆಡಿಸಿದ್ದು. ಆರನ್ನೂ ನಾನಾ ಕೆಡಿಸಿದ್ದೆ. ಐದು ಬಿಚ್ಚಿದ್ವಿ, ಇದನ್ನ ಮುಚ್ಚಿಟ್ಟಿದ್ದೆ. ಈ ಹುಡುಗಿದು ಏನೂ ತಪ್ಪಿಲ್ಲ. ಹೇಳಬ್ಯಾಡ ಅಂದವನು ನಾನು."

ಅವರು ಬೋರ್ಡು ತಗೊಂಡು ತಾವೇ ಯಂತ್ರಕ್ಕೆ ಜೋಡಿಸಿದರು. ಗೆರೆ ನೆಟ್ಟಗೆ. ಬಿಚ್ಚಿದ ಬೋರ್ಡು ಹಾಕಿದರು, ತಗ್ಗು. ಮತ್ತೆ ಇದು, ನೆಟ್ಟಗೆ. ಮೂರು ಸಲ ಮಾಡಿದರು. ಭೂತಗನ್ನಡಿ ಹಿಡಿದು ನನ್ನ ಬೆಸುಗೆ ನೋಡಿದರು.

"ಯಾಕ್ರೀ ಮುಚ್ಚಿದ್ರಿ?"

"ಕಡದೈತಿ ಅಂದ್ಕೊಂಡೆ ಸಾಹೇಬ್ರ. ಕಡದದ್ದು ಕಂಡ್ರ ಜೋಡಿಸೋದು ನನ್ನ ಚಟ."

ಮೆತ್ತಗಿನ ಮನುಷ್ಯ ಅಂದೆನಲ್ಲ, ಅವರು ನಕ್ಕ ನಗುವಿಗೆ ಟವರಿನ ಪಾರಿವಾಳ ಎದ್ದು ಹಾರಿದವು. ಕಣ್ಣೊರೆಸಿಕೊಂಡು ಸುಜಾತಾಗೆ ಹೇಳಿದರು: "ಅದೇ ಹಲಗೆ, ಅದೇ ಪಟ್ಟಿ, ಅದೇ ಉಂಗುರ, ಸೀಳು ಮಾತ್ರ ಇಲ್ಲ. ನಾನು ಕೇಳಿದ್ದು ಇದನ್ನೇ ಅಲ್ವೇನಮ್ಮ? ಹೋಗು, ಬರೆಯೋಕೆ ಕೂತ್ಕೋ. ನೀವು ಮಾತ್ರ ದಯವಿಟ್ಟು ಈ ಬೋರ್ಡನ್ನ ಇನ್ನು ರಿಪೇರಿ ಮಾಡಬೇಡಿ."

ಎರಡು ವರ್ಷದ ಮೇಲೆ, ನಾನು ನಿವೃತ್ತನಾದ ಮೇಲೆ, ಸುಜಾತಾ ತನ್ನ ಪಿಎಚ್.ಡಿ.ಯ ದಪ್ಪ ಪುಸ್ತಕ ಹಿಡಿದು ಮನೆಗೆ ಬಂದಳು. ನಡುವೆ ಒಂದು ಪುಟದಲ್ಲಿ ನನ್ನ ಬೆಸುಗೆಯ ಫೋಟೋ, ಇಷ್ಟು ದೊಡ್ಡದು. ಕೆಳಗೆ, ಸೀಳು ಮುಚ್ಚಿದ ಉಂಗುರ, ಕೈಚಳಕ ಕೊಟ್ರಪ್ಪನವರದು, ಅಂತ. ನನ್ನ ಹೆಂಡತಿ ಅದನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಳು. ನಾನು ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋಗಿ ಖಾಜಾನ ಮುಂದೆ ಇಟ್ಟೆ. ಚಷ್ಮಾ ಹಾಕಿಕೊಂಡು, ಪುಟ ಸವರಿ, ತುಂಬಾ ಹೊತ್ತು ನೋಡಿದ.

"ಭಾರಿ ಆತಲ್ಲೋ ಕೊಟ್ಯಾ. ನೀ ಕೆಡಿಸಿದ್ದು ಪುಸ್ತಕದಾಗ ಬಂತು" ಅಂದ. ಚಷ್ಮಾ ತೆಗೆದು ಒರೆಸುತ್ತಾ ಕೇಳಿದ: "ಹಂಗಾರ ನನ್ನ ಹಡಗಲಿ ಯಾವ ಪುಸ್ತಕದಾಗ ಬರತೈತಿ?"

ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ದೇಸಾಯಿ ಸಾಹೇಬರು ಈಗ ಇಲ್ಲ, ಹೇಳಲು ಆ ಬಾಗಿಲು ಮುಚ್ಚಿತು. ಅದಕ್ಕೇ ಹುಡುಗರು ಅನುಭವ ಹೇಳಿ ಅಂದಾಗ, ಹೇಳೋದಿಲ್ಲ, ಬರೆದುಕೊಡುತ್ತೇನೆ ಅಂದೆ. ಖಾಜಾ, ಚಷ್ಮಾ ಹಾಕ್ಕೋ. ಆ ಏಳು ಸ್ಕ್ರೂ ತಿರುಗಿಸಿದವನು ಕೊಟ್ರಪ್ಪ. ಖಾಜಾಸಾಬ್ ಆಗ ಚಹಾ ತರಲು ಗುಡ್ಡದ ಕೆಳಗೆ ಹೋಗಿದ್ದ.